ಒಂಟೆಗೆ ನಿಷೇಧ, ನಮಗೆ ಪ್ಯಾಕೇಜ್

ಆ ಒಂಟೆಗಳ ಸುದ್ದಿ ನಿಮಗೆ ನೆನಪಿರಬೇಕು. 2021ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದ ಒಂಟೆ ಸೌಂದರ್ಯ ಸ್ಪರ್ಧೆಯಿಂದ 40ಕ್ಕೂ ಹೆಚ್ಚು ಒಂಟೆಗಳನ್ನು ಹೊರಗೆ ಹಾಕಿದರಲ್ಲ, ಅದೇ. ಮುಖದ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚು, ತುಟಿ ಉಬ್ಬಿಸುವ ಫಿಲ್ಲರ್, ಎಲ್ಲ ಮಾಡಿಸಿದ್ದರು ಮಾಲೀಕರು. ತೀರ್ಪುಗಾರರು ಹೊಸ ಹೊಸ ಮಷೀನು ತಂದು ಹಿಡಿದರು. ಮೋಸ ಅಂದರು, ಶಿಕ್ಷೆ ಅಂದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಂಟೆ ಮಾತ್ರ ಏನೂ ಹೇಳಲಿಲ್ಲ. ಪಾಪ, ಹೇಳೋಣ ಅಂದರೂ ತುಟಿ ಅಲ್ಲಾಡಬೇಕಲ್ಲ.

ಆ ನಗುವಿಗೆ ಹೋದ ತಿಂಗಳು ಬಡ್ಡಿ ಸಮೇತ ಲೆಕ್ಕ ಚುಕ್ತಾ ಆಯಿತು.

ಕುತ್ತಿಗೆ ಮೇಲೆ ಒಂದು ನರಹುಲಿ ಎದ್ದಿತ್ತು. ಸರ ಹಾಕಿದರೆ ಸಾಕು, ಅದಕ್ಕೇ ಸಿಕ್ಕಿಕೊಂಡು ಉರಿ. ತೆಗೆಸೋಣ ಅಂತ ಒಂದು ಸ್ಕಿನ್ ಕ್ಲಿನಿಕ್‌ಗೆ ಹೋದೆ. ಡಾಕ್ಟರನ್ನು ನೋಡುವ ಮೊದಲು ‘ಸ್ಕಿನ್ ಅನಾಲಿಸಿಸ್’ ಆಗಲೇಬೇಕಂತೆ. ನರಹುಲಿ ಇರೋದು ಕುತ್ತಿಗೆಯಲ್ಲಿ ಕಣಮ್ಮ ಅಂದೆ. ಫ್ರೀ ಮೇಡಂ ಅಂದಳು ಕೌಂಟರ್ ಹುಡುಗಿ. ಫ್ರೀ ಅಂದ ಮೇಲೆ ಮುಗಿಯಿತಲ್ಲ, ಹೋಗಿ ಕೂತೆ.

ಬಿಳಿ ಡಬ್ಬದಂಥ ಮಷೀನು. ಒಳಗೆ ಮುಖ ತೂರಿಸಿ, ಗದ್ದ ಒಂದು ಕಟ್ಟೆ ಮೇಲೆ ಇಡಬೇಕು. ಫಳ್ ಅಂತ ನಾಲ್ಕೈದು ಸಲ ಬೆಳಕು ಹೊಡೆಯಿತು. ಪರದೆ ಮೇಲೆ ನನ್ನ ಮುಖ ಬಂತು, ನೇರಳೆ ಬಣ್ಣದಲ್ಲಿ, ತುಂಬಾ ಚುಕ್ಕೆ. ಆ ಬಣ್ಣದಲ್ಲಿ ತೋರಿಸಿದರೆ ಹಸುಗೂಸೂ ಹೆದರಿಸುತ್ತದೆ.

‘ನಿಮಗೆ 46 ಅಲ್ವಾ ಮೇಡಂ? ಸ್ಕಿನ್ ಏಜ್ 53 ತೋರಿಸ್ತಿದೆ.’

ನಾನು ಲೆಕ್ಕ ಹಾಕಿದೆ. ಅಂದರೆ ನನ್ನ ಚರ್ಮ ನನಗಿಂತ ಏಳು ವರ್ಷ ಮುಂಚೆ ಹುಟ್ಟಿದೆ. ನಮ್ಮಮ್ಮನ ಮದುವೆಗೂ ಮುಂಚೆ. ಈ ವಿಷಯ ಕೌಂಟರ್ ಹುಡುಗಿಗೂ ಹೇಳಿದೆ. ಅವಳ ಮುಖದಲ್ಲಿ ಏನೂ ಆಗಲಿಲ್ಲ. ‘ನಗು ಬಂತು ಮೇಡಂ’ ಅಂತ ಬಾಯಲ್ಲಿ ಹೇಳಿದಳು. ಆಗ ಸರಿಯಾಗಿ ನೋಡಿದೆ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಹಣೆ ಹೊಸ ಸ್ಲೇಟಿನ ಹಾಗೆ. ಸ್ಟಾಫ್‌ಗೆ ಡಿಸ್ಕೌಂಟ್ ಇದೆಯಂತೆ. ‘ಗೆರೆ ಬಂದ ಮೇಲೆ ಮಾಡಿಸಿದ್ರೆ ಲೇಟು ಮೇಡಂ, ಇದು ಪ್ರಿವೆಂಟಿವ್.’

ಆಮೇಲೆ ನನ್ನ ಹುಬ್ಬುಗಳ ಮಧ್ಯೆ ಪೆನ್ನು ತೋರಿಸಿ ‘ಇಲ್ಲಿ ಹನ್ನೊಂದು’ ಅಂದಳು. ಅಷ್ಟು ಜಾಗದಲ್ಲಿ ಹನ್ನೊಂದು ಗೆರೆ ಹೇಗೆ ಹಿಡಿಸಿತು ಅಂತ ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ಎರಡೇ ಗೆರೆ, ಪಕ್ಕಪಕ್ಕ ನಿಂತಿವೆ, 11 ಬರೆದ ಹಾಗೆ ಕಾಣುತ್ತದೆ, ಈ ವ್ಯಾಪಾರದಲ್ಲಿ ಅದರ ಹೆಸರೇ ‘ಇಲೆವೆನ್’.

‘ಸುಸ್ತಾದ ಹಾಗೆ ಕಾಣ್ತೀರಿ ಮೇಡಂ.’

‘ಸುಸ್ತಾಗಿದೆ ಕಣಮ್ಮ.’

‘ಅದಕ್ಕೇ ಹೇಳಿದ್ದು. ತೆಗೆದುಬಿಡೋಣ.’

ಸುಸ್ತು ಇರುತ್ತದಂತೆ. ಕಾಣೋದಿಲ್ಲವಂತೆ, ಅಷ್ಟೇ.

ಈಗ ಬೊಟಾಕ್ಸ್ ಬಗ್ಗೆ ಎರಡು ಒಳ್ಳೆ ಮಾತು ಹೇಳಲೇಬೇಕು. ಎಂಥಾ ವಂಶ ಅಂತೀರಿ! ಲ್ಯಾಟಿನ್‌ನಲ್ಲಿ ‘ಬೊಟುಲಸ್’ ಅಂದರೆ ಸಾಸೇಜ್. ಇನ್ನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಕೆಟ್ಟ ಸಾಸೇಜ್ ತಿಂದು ಜನ ಕೈಕಾಲು ಬಿದ್ದು, ಉಸಿರು ಕಟ್ಟಿ ಸಾಯುತ್ತಿದ್ದರು. ಜಸ್ಟಿನಸ್ ಕರ್ನರ್ ಅಂತ ಒಬ್ಬ ಡಾಕ್ಟರು, ಕವಿಯೂ ಹೌದು, ಆ ವಿಷವನ್ನು ತಾನೇ ನೆಕ್ಕಿ ನೋಡಿ ಬರೆದಿಟ್ಟ. ಕವಿಗಳು ಏನು ಬೇಕಾದರೂ ಮಾಡುತ್ತಾರೆ ಬಿಡಿ. 1895ರಲ್ಲಿ ಬೆಲ್ಜಿಯಂನ ಒಂದು ಹಳ್ಳಿಯಲ್ಲಿ ಸಾವಿನ ಮನೆಗೆ ವಾದ್ಯ ಬಾರಿಸೋಕೆ ಹೋದ ತಂಡ ಹಂದಿ ಮಾಂಸ ತಿಂದಿತು. ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಅನ್ನುವ ವಿಜ್ಞಾನಿ ಆ ಮಾಂಸದಲ್ಲೇ ಈ ವಿಷ ಮಾಡುವ ಬ್ಯಾಕ್ಟೀರಿಯಾ ಕಂಡುಹಿಡಿದ. ಮುಂದೆ ಅಮೆರಿಕದ ಕಣ್ಣಿನ ಡಾಕ್ಟರ್ ಅಲನ್ ಸ್ಕಾಟ್ ಆ ವಿಷವನ್ನೇ ಹನಿ ಲೆಕ್ಕದಲ್ಲಿ ಮೆಳ್ಳೆಗಣ್ಣಿಗೆ ಔಷಧಿ ಮಾಡಿದರು, 1989ರಲ್ಲಿ ಅಲ್ಲಿ ಒಪ್ಪಿಗೆಯೂ ಸಿಕ್ಕಿತು. ಇದು ನಿಜಕ್ಕೂ ದೊಡ್ಡ ಕೆಲಸ, ಇದರಲ್ಲಿ ವ್ಯಂಗ್ಯ ಇಲ್ಲ. ರೆಪ್ಪೆ ತಾನಾಗಿ ಮುಚ್ಚಿಕೊಂಡು ಕಣ್ಣೇ ಬಿಡಲಾಗದೆ ಒದ್ದಾಡುತ್ತಿದ್ದವರು ಇದರಿಂದ ಲೋಕ ನೋಡಿದರು.

ಅಷ್ಟಕ್ಕೆ ನಿಲ್ಲಬಹುದಿತ್ತು. ಕೆನಡಾದ ವ್ಯಾಂಕೂವರ್‌ನಲ್ಲಿ ಜೀನ್ ಕರುದರ್ಸ್ ಅಂತ ಕಣ್ಣಿನ ಡಾಕ್ಟರು, ಗಂಡ ಅಲಾಸ್ಟೇರ್ ಚರ್ಮದ ಡಾಕ್ಟರು. 1987ರಲ್ಲಿ ರೆಪ್ಪೆಗೆ ಚುಚ್ಚಿಸಿಕೊಳ್ಳಲು ಬಂದವರೊಬ್ಬರು, ಈ ಸಲ ಹುಬ್ಬಿನ ಹತ್ತಿರ ಯಾಕೆ ಹಾಕಲಿಲ್ಲ ಅಂತ ಮುನಿಸಿಕೊಂಡರಂತೆ. ಅಲ್ಲಿ ಹಾಕಿದರೆ ಮುಖ ನಿಶ್ಚಿಂತೆಯಾಗಿ ಕಾಣುತ್ತದಂತೆ. ಹೆಂಡತಿ ಮನೆಗೆ ಹೋಗಿ ಗಂಡನಿಗೆ ಹೇಳಿದರು. ಮೊದಲು ಹಣೆ ಕೊಟ್ಟದ್ದು ಅವರದೇ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್. ಅಂದರೆ ಸ್ಟಾಫ್ ಹಣೆ ಮೊದಲು ಅನ್ನುವ ಸಂಪ್ರದಾಯಕ್ಕೂ ಇತಿಹಾಸ ಇದೆ. 2002ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹುಬ್ಬಿನ ಗೆರೆಗೂ ಒಪ್ಪಿಗೆ ಕೊಟ್ಟಿತು. ಸಾವಿನ ಮನೆಯಲ್ಲಿ ಸಿಕ್ಕಿದ್ದು ಬರ್ತ್‌ಡೇ ಪಾರ್ಟಿಗೆ ಬಂತು.

ಅದು ಕೆಲಸ ಮಾಡುವ ರೀತಿ ಸುಲಭ. ನರ ಸ್ನಾಯುವಿಗೆ ಒಂದು ರಾಸಾಯನಿಕದ ಮೂಲಕ ‘ಎಳೆ’ ಅಂತ ಹೇಳಿ ಕಳಿಸುತ್ತದೆ. ಈ ವಿಷ ಆ ರಾಸಾಯನಿಕವನ್ನು ಹೊರಗೇ ಬಿಡೋದಿಲ್ಲ. ಹೇಳುವವರು ಹೇಳುತ್ತಲೇ ಇರುತ್ತಾರೆ, ಅಲ್ಲಿಗೆ ಮುಟ್ಟೋದಿಲ್ಲ. ಮನೆಯಲ್ಲಿ ಹದಿಹರೆಯದ ಮಕ್ಕಳಿರುವವರಿಗೆ ಈ ವಿಜ್ಞಾನ ಬೇಗ ಅರ್ಥವಾಗುತ್ತದೆ. ಮೂರು ನಾಲ್ಕು ತಿಂಗಳಿಗೆ ಪರಿಣಾಮ ಇಳಿಯುತ್ತದೆ, ಮತ್ತೆ ಹೋಗಿ ಚುಚ್ಚಿಸಿಕೊಳ್ಳಬೇಕು. ಬಾಡಿಗೆ ಮನೆ ಇದ್ದ ಹಾಗೆ. ನಿಮ್ಮದೇ ಹಣೆಗೆ ನೀವೇ ಬಾಡಿಗೆ ಕಟ್ಟುತ್ತಾ ಇರೋದು.

ನನಗೆ ಚಿಂತೆ ಇರೋದು ಕನ್ನಡದ್ದು. ನಮ್ಮ ಭಾಷೆಯ ಅರ್ಧ ಜಗಳ ಮುಖದ ಸ್ನಾಯುಗಳ ಮೇಲೆ ನಿಂತಿದೆ. ಹುಬ್ಬು ಗಂಟಿಕ್ಕೋದು, ಹುಬ್ಬೇರಿಸೋದು, ಮೂಗು ಮುರಿಯೋದು, ಮುಖ ಸಿಂಡರಿಸೋದು. ನಾಳೆ ಕತೆ ಬರೆಯುವವರು ಏನು ಮಾಡಬೇಕು? ‘ಸೊಸೆಯ ಮಾತು ಕೇಳಿ ಅತ್ತೆಯ ಹುಬ್ಬು ಗಂಟಿಕ್ಕಿತು’ ಅಂತ ಬರೆಯುವ ಹಾಗಿಲ್ಲ. ‘ಅತ್ತೆಗೆ ಸಿಟ್ಟು ಬಂದಿದೆಯೆಂದು ಅವರ ವಾಟ್ಸಾಪ್ ಸ್ಟೇಟಸ್ಸಿನಿಂದ ತಿಳಿಯಿತು’ ಅಂತ ಬರೆಯಬೇಕು. ಹಲ್ಲು ಕಡಿಯೋಣ ಅಂದರೆ ಅದಕ್ಕೂ ಕುತ್ತು. ದವಡೆ ಚಿಕ್ಕದಾಗಿ ಕಾಣಲಿ ಅಂತ ಅಗಿಯುವ ಸ್ನಾಯುವಿಗೂ ಚುಚ್ಚುತ್ತಾರೆ, ಅದೂ ಸಡಿಲ. ಮುಖ ಊದಿಸಿಕೊಳ್ಳೋದು ಮಾತ್ರ ಉಳಿದಿದೆ, ಅದನ್ನು ಫಿಲ್ಲರ್‌ನವರು ಮಾಡಿಕೊಡುತ್ತಾರೆ. ಇನ್ನು ಕಣ್ಣಿನ ಪಕ್ಕದ ಗೆರೆ. ಅದಕ್ಕೆ ಇಂಗ್ಲಿಷಿನವರು ಕಾಗೆ ಕಾಲು ಅನ್ನುತ್ತಾರೆ. ನಕ್ಕಾಗ ಬೀಳುವ ಗೆರೆ ಅದು, ಅದರಲ್ಲಿ ಕಾಗೆ ಕಂಡವರ ಮನಸ್ಸು ಎಂಥದ್ದಿರಬೇಕು ಹೇಳಿ.

ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಡೇವಿಡ್ ನೀಲ್ ಮತ್ತು ತಾನ್ಯಾ ಚಾರ್ಟ್ರಂಡ್ ಅನ್ನುವವರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೊಟಾಕ್ಸ್ ಹಾಕಿಸಿಕೊಂಡವರಿಗೆ ಎದುರಿನವರ ಮುಖದ ಭಾವ ಗುರುತಿಸೋದೂ ಸ್ವಲ್ಪ ಕಷ್ಟವಾಗಿತ್ತು. ಎದುರಿನವರ ಮುಖವನ್ನು ನಾವು ಗೊತ್ತಿಲ್ಲದೇ ನಮ್ಮ ಮುಖದಲ್ಲಿ ನಕಲು ಮಾಡುತ್ತೇವೆ, ಅದರಿಂದಲೇ ಅರ್ಥ ಮಾಡಿಕೊಳ್ಳುತ್ತೇವೆ ಅನ್ನೋದು ಅವರ ವಾದ.

ಕ್ಲಿನಿಕ್ಕಿನ ಪಟ್ಟಿ ಇನ್ನೂ ಉದ್ದ ಇತ್ತು. ಫಿಲ್ಲರ್ ಅಂದರೆ ಹೆಚ್ಚಾಗಿ ಹೈಲುರಾನಿಕ್ ಆಸಿಡ್, 1934ರಲ್ಲಿ ದನದ ಕಣ್ಣಿನೊಳಗೆ ಸಿಕ್ಕಿದ ವಸ್ತು, ನೀರು ಹಿಡಿದಿಟ್ಟುಕೊಳ್ಳುತ್ತದೆ, ಕೆನ್ನೆಗೆ ತುಂಬುತ್ತಾರೆ. ಸಾಲ್ಮನ್ ಮೀನಿನ ವೀರ್ಯದಿಂದ ತೆಗೆದ ಡಿಎನ್‌ಎ ಇದೆ, ಅದನ್ನು ಹೇಳುವಾಗ ಹುಡುಗಿ ‘ವೀರ್ಯ’ ಬಿಟ್ಟು ‘ಸಾಲ್ಮನ್’ ಮಾತ್ರ ಹೇಳಿದಳು. ದಾರ ಎಳೆದು ಕೆನ್ನೆ ಎತ್ತುವುದಿದೆ. ‘ವ್ಯಾಂಪೈರ್ ಫೇಶಿಯಲ್’ ಇದೆ, ನಿಮ್ಮದೇ ರಕ್ತ ತೆಗೆದು, ಗಿರಗಿರ ತಿರುಗಿಸಿ, ಸೂಜಿಯಿಂದ ಮುಖಕ್ಕೇ ವಾಪಸ್. ರಕ್ತ ಹೀರುವವರು ಅಂತ ಮೊದಲು ಬೈಯುತ್ತಿದ್ದೆವು, ಈಗ ಅಪಾಯಿಂಟ್‌ಮೆಂಟ್ ತಗೊಂಡು ಹೋಗುತ್ತೇವೆ. ಇದೆಲ್ಲ ಹೊಸ ಹುಚ್ಚೂ ಅಲ್ಲ. 19ನೇ ಶತಮಾನದ ಕೊನೆಗೇ ಪ್ಯಾರಾಫಿನ್ ಮೇಣ ಕಾಯಿಸಿ ಮುಖಕ್ಕೆ ಚುಚ್ಚಲು ಶುರು ಮಾಡಿದ್ದರು, ಆಮೇಲೆ ಅದು ಗಂಟುಗಂಟಾಗಿ ನಿಂತಿತು. 1930ರ ದಶಕದಲ್ಲಿ ಫ್ರಾನ್ಸಿನಲ್ಲಿ ಥೋ-ರಾಡಿಯಾ ಅನ್ನುವ ಕ್ರೀಮು ಮಾರಾಟಕ್ಕಿತ್ತು, ಒಳಗೆ ಥೋರಿಯಂ ಮತ್ತು ರೇಡಿಯಂ. ಹೊಳೆಯುವ ಮುಖ ಬೇಕು ಅಂದವರಿಗೆ ವಿಕಿರಣವನ್ನೇ ಕೊಟ್ಟ ಪ್ರಾಮಾಣಿಕರು.

ನಗು ಇಲ್ಲಿವರೆಗೆ ಬಂತು. ಇನ್ನು ಬರುತ್ತಿಲ್ಲ.

2024ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ವರದಿ ಕೊಟ್ಟಿತು. ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ಈ ವ್ಯಾಂಪೈರ್ ಫೇಶಿಯಲ್ ಮಾಡಿಸಿಕೊಂಡ ಮೂವರು ಹೆಂಗಸರಿಗೆ ಎಚ್‌ಐವಿ ತಗುಲಿತ್ತು. ಮುಖ ಚೆನ್ನಾಗಿ ಕಾಣಲಿ ಅಂತ ಹೋದವರು. ಅದೇ ತಿಂಗಳು ನಕಲಿ ಬೊಟಾಕ್ಸ್ ಸುದ್ದಿ. ಚುಚ್ಚಿಸಿಕೊಂಡವರು ಕಣ್ಣು ಮಂಜಾಗಿ, ನುಂಗಲಾಗದೆ ಆಸ್ಪತ್ರೆ ಸೇರಿದರು. ಅವರಲ್ಲಿ ಹಲವರಿಗೆ ಚುಚ್ಚಿದ್ದು ಮನೆಯಲ್ಲಿ, ಸ್ಪಾದಲ್ಲಿ, ಡಾಕ್ಟರೇ ಅಲ್ಲದವರು. ಫಿಲ್ಲರ್ ತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯುತ್ತದೆ. ಅಪರೂಪಕ್ಕೆ ಕಣ್ಣೇ ಹೋಗುತ್ತದೆ. ಇದು ಆಪರೇಷನ್ ಅಲ್ಲ ಮೇಡಂ, ಸಣ್ಣ ಚುಚ್ಚು ಅಷ್ಟೇ, ಅಂತ ಹೇಳಿ ಹೇಳಿ ಸೂಜಿ ಯಾರ ಕೈಯಲ್ಲಿದೆ ಅಂತ ಕೇಳುವ ಅಭ್ಯಾಸವೇ ತಪ್ಪಿಹೋಗಿದೆ. ಒಂಟೆಯ ತುಟಿ ಪರೀಕ್ಷೆ ಮಾಡೋಕೆ ಮಷೀನು ತರಿಸುತ್ತಾರೆ. ಮನುಷ್ಯರಿಗೆ ಚುಚ್ಚುವವನ ಸರ್ಟಿಫಿಕೇಟು ನೋಡೋಕೆ ಯಾರಿಗೂ ಪುರುಸೊತ್ತಿಲ್ಲ.

ಚುಚ್ಚಿಸಿಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಗೆಳತಿಗೆ 51. ಟೀಮಿನಲ್ಲಿ ಉಳಿದವರೆಲ್ಲ ಮೂವತ್ತರ ಒಳಗೆ. ‘ಯಾಕೆ ಮೇಡಂ, ಹುಷಾರಿಲ್ವಾ’ ಅಂತ ಒಂದೇ ವಾರದಲ್ಲಿ ಮೂರು ಸಲ ಕೇಳಿದರು, ಕೊನೆ ಸಲ ಕೇಳಿದ್ದು ಅವಳ ಬಾಸ್. ಶನಿವಾರ ಹೋಗಿ ಮಾಡಿಸಿಕೊಂಡಳು. ಅವಳನ್ನು ನೋಡಿ ನಗೋಕೆ ನನಗೆ ಬಾಯಿ ಬರಲ್ಲ.

ಆದರೆ ಮಕ್ಕಳು? ಅಣ್ಣನ ಮಗಳಿಗೆ ಹನ್ನೊಂದು ವರ್ಷ. ನಮ್ಮನೆಗೆ ಬಂದವಳು ಪೆನ್ಸಿಲ್ ಬಾಕ್ಸಿನಂಥ ಒಂದು ಪೌಚು ಬಿಚ್ಚಿದಳು, ಒಳಗೆ ಐದು ಪುಟ್ಟ ಸೀಸೆ. ‘ಅತ್ತೆ, ನೀನು ರೆಟಿನಾಲ್ ಹಚ್ಚಲ್ವಾ?’ ಸುಕ್ಕು ಬಾರದಿರಲಿ ಅಂತ ದೊಡ್ಡವರು ಹಚ್ಚಿಕೊಳ್ಳುವ ವಸ್ತು ಅದು. ಅವಳ ಎರಡೂ ಕೆನ್ನೆ ಕೆಂಪಗೆ, ಮೂಗಿನ ಪಕ್ಕ ಸಿಪ್ಪೆ ಏಳುತ್ತಿತ್ತು. ಉರಿಯಲ್ವಾ ಪುಟ್ಟಿ ಅಂದೆ. ‘ಉರಿದ್ರೆ ಕೆಲಸ ಮಾಡ್ತಿದೆ ಅಂತ’ ಅಂದಳು. ಫೋನಿನಲ್ಲಿ ಯಾರೋ ಹೇಳಿಕೊಟ್ಟಿದ್ದಾರೆ. ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿಲ್ಲ, ಮುಪ್ಪು ತಡೆಯೋಕೆ ಹೊರಟಿದೆ ಮಗು. ಇವಳೊಬ್ಬಳೇ ಅಲ್ಲ. 2024ರಲ್ಲಿ ಸ್ವೀಡನ್ನಿನ ಒಂದು ಔಷಧಿ ಅಂಗಡಿಗಳ ಸಂಸ್ಥೆ, ಇಂಥ ಕೆಲವು ಕ್ರೀಮುಗಳನ್ನು 15 ತುಂಬದವರಿಗೆ ಮಾರೋದಿಲ್ಲ ಅಂದಿತು. ಇಂಗ್ಲೆಂಡ್ 18ರ ಒಳಗಿನವರಿಗೆ ಅಂದಕ್ಕಾಗಿ ಬೊಟಾಕ್ಸ್, ಫಿಲ್ಲರ್ ಚುಚ್ಚಬಾರದು ಅಂತ 2021ರಲ್ಲಿ ಕಾನೂನೇ ತಂದಿತು. ಮಗುವಿನ ಮುಖಕ್ಕೆ ಚುಚ್ಚಬೇಡಿ ಅಂತ ಕಾನೂನು ಮಾಡಿ ಹೇಳಬೇಕಾಯಿತು ಅಲ್ವಾ. ಥೂ.

ಅಂತೂ ಡಾಕ್ಟರ್ ಕೋಣೆಗೆ ಕರೆದರು. ಅವರ ಹುಬ್ಬುಗಳ ಮಧ್ಯೆ ನನ್ನದಕ್ಕಿಂತ ಆಳವಾದ ಹನ್ನೊಂದು. ನರಹುಲಿ ಸುಟ್ಟು ತೆಗೆಯೋಕೆ ಎರಡು ನಿಮಿಷ ಹಿಡಿಯಿತು. ನಾನೇ ಬಾಯಿಬಿಟ್ಟು ಕೇಳಿದೆ, ಡಾಕ್ಟ್ರೇ, ಈ ಮುಖಕ್ಕೆ ಏನಾದರೂ ಮಾಡಿಸಬೇಕಾ ಅಂತ. ‘ಸನ್‌ಸ್ಕ್ರೀನ್ ಹಚ್ತೀರಾ?’ ಅಂದರು. ಇಲ್ಲ ಅಂದೆ. ಆಗ ಕಂಪ್ಯೂಟರ್ ತಿರುಗಿಸಿ ಒಂದು ಫೋಟೋ ತೋರಿಸಿದರು. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. 69 ವರ್ಷದ ಗಂಡಸು, 28 ವರ್ಷ ಟ್ರಕ್ ಓಡಿಸಿದವರು. ಬಲಗಡೆ ಮುಖ ಅವರ ವಯಸ್ಸಿಗೆ ತಕ್ಕ ಹಾಗಿದೆ. ಕಿಟಕಿ ಕಡೆಗಿದ್ದ ಎಡಗಡೆ ಮುಖ ಅವರ ಅಪ್ಪನದು ಅನ್ನಬೇಕು, ಸುಕ್ಕು ಮಡಿಕೆ ಮಡಿಕೆಯಾಗಿ ಜೋತಿದೆ. ಬಿಸಿಲಿನ ಯುವಿಎ ಕಿರಣ ಗಾಜು ದಾಟಿ ಬರುತ್ತದೆ. ಆಸ್ಟ್ರೇಲಿಯಾದಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ನೋಡಿದರಂತೆ, ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮಕ್ಕೆ ಮುಪ್ಪು ಶೇ. 24ರಷ್ಟು ಕಡಿಮೆ ಕಂಡಿತು, 2013ರಲ್ಲಿ ಅದು ಪ್ರಕಟವಾಯಿತು. ಇಷ್ಟು ಹೇಳಿ ಡಾಕ್ಟರು ಕೈ ತೊಳೆದುಕೊಂಡರು. ಈ ಮಾತನ್ನು ಆ ಬಿಳಿ ಡಬ್ಬದ ಮೇಲೆ ಅಂಟಿಸಬಾರದಾ ಅಂತ ಕೇಳಿದೆ. ಉತ್ತರ ಬರಲಿಲ್ಲ. ಹನ್ನೊಂದು ಮಾತ್ರ ಇನ್ನಷ್ಟು ಆಳವಾಯಿತು.

ಹೊರಗೆ ಬಂದರೆ ಹುಡುಗಿ ಪ್ಯಾಕೇಜ್ ಪ್ರಿಂಟ್ ಮಾಡಿ ಇಟ್ಟಿದ್ದಳು. ಆರು ಸೆಷನ್, ಎರಡು ಬಣ್ಣದಲ್ಲಿ ನನ್ನ ಹೆಸರು. ಬೇಡಮ್ಮ ಅಂತ ಹೇಳೋಕೆ ಮನಸ್ಸಾಗದೆ ಒಂಟೆಗಳ ಕತೆ ಹೇಳಿದೆ. ಸೌದಿ, ಸ್ಪರ್ಧೆ, ಮಷೀನು, 40 ಒಂಟೆ ಡಿಸ್ಕ್ವಾಲಿಫೈ, ಎಲ್ಲಾ. ಅವಳು ಪೆನ್ನು ಕೆಳಗಿಟ್ಟು ಕೇಳಿದಳು. ಹಣೆ ಅಲ್ಲಾಡಲಿಲ್ಲ, ಹುಬ್ಬು ಏಳಲಿಲ್ಲ.

‘ಅಯ್ಯೋ, ಎಷ್ಟು ಆಶ್ಚರ್ಯ ಆಗ್ತಿದೆ ಮೇಡಂ’ ಅಂದಳು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, ‘ಒಂದು ಒಂಟೆಗೆ ಎಷ್ಟು ಯೂನಿಟ್ ಹಿಡಿಯುತ್ತೆ?’