ಎಡಗೆನ್ನೆ ಮುಗಿಯಿತು, ಬಲಗೆನ್ನೆ ಬಾಕಿ

ಐದು ಸೆಂಟಿಮೀಟರ್ ಎತ್ತರದ ಪುಟಾಣಿ ಹೆಲ್ಮೆಟ್. ಸ್ಟಾರ್ ವಾರ್ಸ್ ಸಿನಿಮಾದ ಬಿಳಿ ಕವಚದ ಸೈನಿಕ ಸ್ಟಾರ್ಮ್‌ಟ್ರೂಪರ್‌ದು. ಮೈಗೆಲ್ಲ ಬಿಳಿ ಹೊಡೆದೆ, ಕಣ್ಣಿಗೆ ಕಪ್ಪು ತುಂಬಿದೆ, ಸಲೀಸಾಗಿ ಆಯಿತು. ಆಮೇಲೆ ಬಂದವು ನೋಡಿ, ಕೆನ್ನೆಯ ಮೇಲಿನ ನೀಲಿ ಗೆರೆಗಳು! ಒಂದೊಂದೂ ಕೂದಲೆಳೆಯಷ್ಟು. ಅದೂ ಒತ್ತೊತ್ತಾಗಿ.

000 ನಂಬರಿನ ತೀರಾ ಸಣ್ಣ ಬ್ರಷ್ ಇದ್ದರೆ ಸಾಕು ಅಂದುಕೊಂಡಿದ್ದೆ. ಸುಮ್ನೆ ಭ್ರಮೆ. ಅದರ ತುದಿಯಲ್ಲಿ ನಿಲ್ಲುವ ಬಣ್ಣವೇ ಒಂದು ಚೂರು. ಹೆಲ್ಮೆಟ್ ಮುಟ್ಟುವಷ್ಟರಲ್ಲಿ ಅಕ್ರಿಲಿಕ್ ಬಣ್ಣ ಒಣಗಿರುತ್ತದೆ. ನೀರು ಜಾಸ್ತಿ ಮಾಡಿದರೆ ಬಣ್ಣ ಪಕ್ಕದ ಸಂದಿಗೆ ಓಡುತ್ತದೆ. ಕಮ್ಮಿ ಮಾಡಿದರೆ ಗೆರೆ ಅರ್ಧಕ್ಕೇ ನಿಲ್ಲುತ್ತದೆ. ಹೊಟ್ಟೆ ದಪ್ಪಗಿದ್ದು ತುದಿ ಚೂಪಾಗಿರುವ ಬ್ರಷ್ಷೇ ವಾಸಿ ಅಂತ ಗೊತ್ತಾಗುವಷ್ಟರಲ್ಲಿ ಮೂರು ಸಣ್ಣ ಬ್ರಷ್‌ಗಳು ಪೊರಕೆಯಾಗಿದ್ದವು.

ಬಣ್ಣ ತಾಗಬಾರದ ಕಡೆ ಅಂಟಿಸುವ ಮಾಸ್ಕಿಂಗ್ ಟೇಪ್ ಹಾಕು ಅನ್ನುತ್ತಾರೆ. ಹಾಕಿದೆ. ಉಬ್ಬಿದ ಕೆನ್ನೆಯ ಮೇಲೆ ಅದರ ಅಂಚು ಏಳುತ್ತದೆ, ಬಣ್ಣ ಅಡಿಗೆ ನುಗ್ಗುತ್ತದೆ. ಮೇಲೆ ಬಿಳಿ ತೇಪೆ ಹಚ್ಚಿದರೆ ಅಲ್ಲೊಂದು ಉಬ್ಬು.

ಉಸಿರು ಬಿಗಿಹಿಡಿದು, ಮಣಿಕಟ್ಟು ಮೇಜಿಗೆ ಒತ್ತಿ ಎಡಗೆನ್ನೆ ಮುಗಿಸಿದೆ. ಗೆರೆಗಳು ಸೊಟ್ಟ. 1977ರ ಸಿನಿಮಾದ ಹೆಲ್ಮೆಟ್‌ಗಳಲ್ಲೂ ಈ ಗೆರೆಗಳನ್ನು ಕೈಯಲ್ಲೇ ಬರೆದಿದ್ದರು, ಅವೂ ಒಂದೇ ಸಮ ಇರಲಿಲ್ಲ. ಹಾಗಾದರೆ ನನ್ನದೂ ಅಸಲಿಯೇ, ಅಲ್ವಾ? ಆದರೆ ಈಗ ಬಲಗೆನ್ನೆಗೂ ಇದೇ ಸೊಟ್ಟ ಬರಬೇಕಲ್ಲ!