ಕದಲದ ಬೋಲ್ಟು
ಅಮೆರಿಕದ ಮಿಷಿಗನ್ನಿನಲ್ಲಿ ಹಳೆಯ, ದೊಡ್ಡ ಎಸ್‌ಯುವಿಯೊಂದನ್ನು ಸ್ವಂತ ಕೈಯಿಂದಲೇ ರಿಪೇರಿ ಮಾಡಿಕೊಳ್ಳಲು ಹೊರಟವನಿಗೆ ಎದುರಾಗುವ ಮೊದಲ ಶತ್ರು ಉಪ್ಪು. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಆ ಉಪ್ಪು, ನೀರಿನೊಡನೆ ಗಾಡಿಯ ಅಡಿಗೆಲ್ಲ ಸಿಡಿದು, ನಟ್ಟು ಬೋಲ್ಟುಗಳನ್ನು ತುಕ್ಕಿನ ಒಂದೇ ಮುದ್ದೆಯಾಗಿಸಿಬಿಡುತ್ತದೆ. ಗಾಡಿಯ ಕುಲುಕಾಟ ತಗ್ಗಿಸುವ ಹಿಂಬದಿಯ ಶಾಕ್ ಅಬ್ಸಾರ್ಬರುಗಳನ್ನು ಬದಲಿಸಲು ಅರ್ಧ ಗಂಟೆ ಸಾಕೆಂದು ವಿಡಿಯೊವೊಂದರಲ್ಲಿ ಮಹನೀಯರೊಬ್ಬರು ಹೇಳಿದ್ದರು. ಅವರ ಗಾಡಿಯ ಅಡಿಭಾಗ ಮದುವೆಮನೆಯ ಪಾತ್ರೆಯಂತೆ ಥಳಥಳಿಸುತ್ತಿದ್ದುದನ್ನು ನಾನು ಆಗಲೇ ಗಮನಿಸಬೇಕಿತ್ತು. ನನಗಾದರೋ ಕೆಳಗಿನ ಒಂದೇ ಬೋಲ್ಟಿಗೆ ಇಡೀ ಶನಿವಾರ ಹೋಯಿತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಟ್ಟಿದ್ದೆ, ಸುತ್ತಿಗೆಯಿಂದ ಬಡಿದೆ, ಸ್ಪ್ಯಾನರಿನ ಹಿಡಿಗೆ ಮೂರಡಿ ಕೊಳವೆ ತೂರಿಸಿ ಮೈಭಾರವನ್ನೆಲ್ಲ ಹೇರಿದೆ; ನಟ್ಟಿನ ಮೂಲೆಗಳು ಸವೆದು ಉರುಟಾದವೇ ಹೊರತು ಅದು ಕದಲಲಿಲ್ಲ. ಬೆಂಕಿಯಿಂದ ಕಾಯಿಸೋಣವೆಂದರೆ ಪಕ್ಕದಲ್ಲೇ ರಬ್ಬರ್ ಬುಷ್, ಬ್ರೇಕಿನ ಕೊಳವೆ, ತುಸು ಆಚೆಗೆ ಪೆಟ್ರೋಲ್ ಟ್ಯಾಂಕು. ಕೊನೆಗೆ ಗ್ರೈಂಡರಿನಿಂದ (ಹಿಟ್ಟು ರುಬ್ಬುವುದಲ್ಲ, ಕಬ್ಬಿಣ ಕೊಯ್ಯುವುದು) ಬೋಲ್ಟನ್ನೇ ಕತ್ತರಿಸಿದ ಮೇಲೆ ತಿಳಿಯಿತು, ಹೊಸ ಶಾಕ್ ಅಬ್ಸಾರ್ಬರಿನ ಪೆಟ್ಟಿಗೆಯಲ್ಲಿ ಬೋಲ್ಟು ಇರಲೇ ಇಲ್ಲವೆಂದು. ಅಷ್ಟರಲ್ಲಿ ಅಂಗಡಿಯ ಬಾಗಿಲು ಮುಚ್ಚಿತ್ತು. ಗಾಡಿ ಇನ್ನೂ ಜಾಕ್ ಸ್ಟ್ಯಾಂಡಿನ ಮೇಲೆಯೇ ಇದೆ. ಬಲಬದಿಯನ್ನು ನಾನಿನ್ನೂ ಮುಟ್ಟಿಲ್ಲ.