ಮೇಲೂ ಮೂರೂವರೆ, ಕೆಳಗೂ ಮೂರೂವರೆ

ಗಾಳದ ಕಡ್ಡಿಯ ತುದಿಯ ಉಂಗುರ ಮತ್ತೆ ಮಂಜುಗಟ್ಟಿದೆ. ಈಗಷ್ಟೇ ಬಿಡಿಸಿದ್ದೆ. ದಾರ ಎಳೆದಾಗಲೆಲ್ಲ ಅದರ ಮೈಮೇಲಿನ ನೀರು ಉಂಗುರದಲ್ಲಿ ನಿಲ್ಲುತ್ತದೆ, ನಿಂತದ್ದು ಗಡ್ಡೆಯಾಗುತ್ತದೆ, ಕೊನೆಗೆ ದಾರ ತೂರುವಷ್ಟು ತೂತೂ ಉಳಿಯುವುದಿಲ್ಲ. ಇದಕ್ಕೆ ಮದ್ದು ಹೇಳುವವರಿಗೇನೂ ಬರವಿಲ್ಲ. ತುಟಿಗೆ ಹಚ್ಚುವ ಮುಲಾಮು ಸವರಿ ಅನ್ನುತ್ತಾರೆ. ಅಡುಗೆ ಎಣ್ಣೆ ಅನ್ನುತ್ತಾರೆ. ಗ್ಲಿಸರಿನ್ ಅನ್ನುತ್ತಾರೆ. ಎಲ್ಲವನ್ನೂ ಹಚ್ಚಿ ನೋಡಿದ್ದೇನೆ. ಸ್ವಲ್ಪ ಹೊತ್ತು ಪರವಾಗಿಲ್ಲ, ಆಮೇಲೆ ಬರೀ ಮಂಜುಗಡ್ಡೆಯ ಬದಲು ಎಣ್ಣೆ ಮೆತ್ತಿದ ಮಂಜುಗಡ್ಡೆ ಸಿಗುತ್ತದೆ. ಕಡ್ಡಿಯ ತುದಿಯನ್ನು ಹೊಳೆಯಲ್ಲಿ ಅದ್ದಿದರೆ ಕರಗುತ್ತದೆ, ನಿಜ. ನೀರು ಆ ಗಾಳಿಗಿಂತ ಬೆಚ್ಚಗೇ ಇರುತ್ತದಲ್ಲ. ಮೇಲೆತ್ತಿದರೆ ಮತ್ತೆ ಅದೇ ಕಥೆ.

ಇಂಥ ಚಳಿಯಲ್ಲಿ ಹೊಳೆದಂಡೆಗೆ ಹೋಗಿ ಯಾಕಪ್ಪಾ ನಿಲ್ಲುತ್ತೀಯ ಅಂತ ಕೇಳುವವರಿಗೆ ನನ್ನ ಹತ್ತಿರ ಒಂದು ಒಳ್ಳೆಯ ಉತ್ತರ ಇದೆ. ಹೇಳುತ್ತೇನೆ. ಅದಕ್ಕೆ ಮುಂಚೆ ನನ್ನ ಭಾವನ ಥರ್ಮಾಮೀಟರಿನ ವಿಷಯ ಮುಗಿಸಿಬಿಡಬೇಕು. ಇಲ್ಲದಿದ್ದರೆ ಅದು ತಲೆಯಿಂದ ಇಳಿಯುವುದಿಲ್ಲ.

ಭಾವ ಓದುವ ಮನುಷ್ಯ. ಓದಿದ್ದು ತಪ್ಪೂ ಅಲ್ಲ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಸಾಂದ್ರವಾಗಿರುತ್ತದೆ, ಅಂದರೆ ಆಗ ಅದರ ತೂಕ ಜಾಸ್ತಿ, ಹಾಗಾಗಿ ತಳಕ್ಕಿಳಿಯುತ್ತದೆ. ಅದಕ್ಕಿಂತ ತಣ್ಣಗಾದ ನೀರು ಮೇಲೆ ಉಳಿದು ಗಡ್ಡೆ ಕಟ್ಟುತ್ತದೆ. ಮೀನು ಕೆಳಗೆ ಆ 4 ಡಿಗ್ರಿಯಲ್ಲಿ ಆರಾಮಾಗಿ ಚಳಿಗಾಲ ಕಳೆಯುತ್ತದೆ. ಇಷ್ಟನ್ನೂ ಓದಿಕೊಂಡು ಭಾವ ಒಂದು ಥರ್ಮಾಮೀಟರ್ ತಂದರು. ಅದಕ್ಕೆ ಉದ್ದದ ದಾರ ಕಟ್ಟಿದರು. ಒಂದು ಸಣ್ಣ ಡೈರಿ, ಅದರ ಬೆನ್ನಿಗೆ ಸಿಕ್ಕಿಸಿದ ಪೆನ್ಸಿಲ್. ಚಳಿಗೆ ಪೆನ್ನು ಬರೆಯೋದಿಲ್ಲ ಅನ್ನುವುದನ್ನೂ ಅವರು ಮೊದಲೇ ಯೋಚಿಸಿದ್ದರು.

"ನೋಡ್ತಿರು, ತಳದಲ್ಲಿ ನಾಲ್ಕು ಇರತ್ತೆ" ಅಂದರು. ಮೇಲೆ ಅಳೆದರು, ಮೂರೂವರೆ. ತಳಕ್ಕೆ ಬಿಟ್ಟು, ಕಾದು, ಎಳೆದರು. ಮೂರೂವರೆ.

"ಭಾವ, ಇದು ಹೊಳೆ. ನೀವು ಓದಿದ್ದು ಕೆರೆ" ಅಂದೆ.

"ನೀನು ಸುಮ್ನಿರು. ಥರ್ಮಾಮೀಟರ್ ಕೆಟ್ಟಿದೆ."

ಮುಂದಿನ ಸಲ ಎರಡು ಥರ್ಮಾಮೀಟರ್ ಬಂದವು. ಎರಡಕ್ಕೂ ದಾರ. ಎರಡರಲ್ಲೂ ಮೇಲೆ ಕೆಳಗೆ ಒಂದೇ ಅಂಕಿ. ನಿಂತ ನೀರಿನಲ್ಲಿ ಪದರ ಪದರವಾಗಿರುವುದು ಸರಿ, ಆದರೆ ಹರಿಯುವ ನೀರು ತನ್ನನ್ನು ತಾನೇ ಕಲಕಿಕೊಂಡೇ ಹೋಗುತ್ತದೆ. ಇನ್ನೂ ಚಳಿ ಜೋರಾದರೆ ಹೊಳೆಯ ಆಟವೇ ಬೇರೆ. ನೀರು ಸೊನ್ನೆಗಿಂತ ಒಂದು ಡಿಗ್ರಿಯ ನೂರರಲ್ಲಿ ಕೆಲವೇ ಪಾಲು ಕೆಳಗಿಳಿದರೂ ಸಾಕು, ನೀರಿನೊಳಗೆಲ್ಲ ಸಣ್ಣ ಸಣ್ಣ ಮಂಜಿನ ಹರಳು ಹುಟ್ಟಿ, ತಳದ ಕಲ್ಲುಗಳಿಗೇ ಹೋಗಿ ಅಂಟಿಕೊಳ್ಳುತ್ತವೆ. ಗಡ್ಡೆ ಯಾವಾಗಲೂ ಮೇಲೇ ಅನ್ನುವ ಪಾಠವೂ ಅಲ್ಲಿ ನಡೆಯುವುದಿಲ್ಲ. ಇದನ್ನು ಭಾವನಿಗೆ ಹೇಳಿದೆ. ಡೈರಿಯಲ್ಲಿ ಬರೆದುಕೊಂಡರು. ಒಪ್ಪಿಕೊಳ್ಳಲಿಲ್ಲ, ಬರೆದುಕೊಂಡರು ಅಷ್ಟೇ.

ಅಷ್ಟರಲ್ಲಿ ದಂಡೆಯ ಮೇಲೆ ಹೋಗುತ್ತಿದ್ದ ಒಬ್ಬರು ನಿಂತರು. ಹೊಳೆದಂಡೆಯಲ್ಲಿ ಹೋಗುವವರಿಗೆ ಕಡ್ಡಿ ಹಿಡಿದವನನ್ನು ಮಾತಾಡಿಸದೆ ಹೋದರೆ ಪಾಪ ಬರುತ್ತದೆ.

"ಏನಾದ್ರೂ ಸಿಕ್ತಾ ಸಾರ್?"

ಭಾವ ಥರ್ಮಾಮೀಟರಿನಿಂದ ಕಣ್ಣು ತೆಗೆಯಲಿಲ್ಲ. "ಮೂರೂವರೆ" ಅಂದರು.

"ಅಬ್ಬಾ! ಮೂರೂವರೆ ಕೇಜಿನಾ?"

"ಮೇಲೂ ಮೂರೂವರೆ, ಕೆಳಗೂ ಮೂರೂವರೆ" ಅಂದರು ಭಾವ, ಬೇಸರದಲ್ಲಿ.

"ಎರಡಾ!" ಅಂದ ಆ ಮನುಷ್ಯ ಆಮೇಲೆ ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ನಮ್ಮ ಆಚೆ ಈಚೆ ಕಡ್ಡಿಗಳು ಬಂದವು. ಒಬ್ಬನಿಗೆ ಮಾತ್ರ ಸಾಲುವ ಮಡು ಅದು. ಇಂಥ ಚಳಿಯಲ್ಲಿ ಮೀನು ಸೆಳವು ಬಿಟ್ಟು ಮಡುವಿಗೇ ಬರುತ್ತದೆ, ಈಜುವ ಕಷ್ಟ ಕಡಿಮೆ ಅಂತ. ಬಂದವರಲ್ಲಿ ಒಬ್ಬ ದಪ್ಪ ಬೂಟು ಹಾಕಿಕೊಂಡು ದಂಡೆಯ ಮೇಲೆ ಧಡಧಡ ನಡೆದಾಡಿದ. ಮೀನಿನ ಮೈಯ ಎರಡೂ ಪಕ್ಕದಲ್ಲಿ ಉದ್ದಕ್ಕೆ ಒಂದು ಗೆರೆ ಇರುತ್ತದೆ. ನೀರಿನ ಸಣ್ಣ ಅದುರಾಟವೂ ಅದಕ್ಕೆ ಆ ಗೆರೆಯಲ್ಲಿ ತಿಳಿಯುತ್ತದೆ. ಬೂಟಿನವನಿಗೆ ಯಾವ ಗೆರೆಯೂ ಇರಲಿಲ್ಲ. ಹೊಳೆ ಎಲ್ಲರದ್ದು, ಗೊತ್ತು. ನನ್ನ ತಾತ ತೋಡಿದ್ದಲ್ಲ. ಆದರೂ ಬಾಯಿ ಮುಚ್ಚಿಕೊಂಡು ಕೂರುವುದಕ್ಕೆ ಬರದವರು ಮೀನು ಹಿಡಿಯೋಕೆ ಯಾಕೆ ಬರಬೇಕು? ಬೇರೆ ಎಷ್ಟೋ ಹವ್ಯಾಸ ಇವೆಯಲ್ಲ. ಡೋಲು ಬಾರಿಸಲಿ.

ಭಾವ ಮಾತ್ರ ಸಂತೋಷದಲ್ಲಿದ್ದರು. ಮಧ್ಯಾಹ್ನದ ಬಿಸಿಲಿಗೆ ನೀರು ಒಂದಿಷ್ಟು ಏರಿತ್ತು. "ಪಾಯಿಂಟ್ ಮೂರು ಏರಿದೆ ಕಣೋ, ಈಗ ಕಚ್ಚತ್ತೆ!" ಅಂತ ಕೂಗಿದರು. ಸಿಟ್ಟು ಬರುವ ಸಂಗತಿ ಏನೆಂದರೆ, ಅವರು ಹೇಳಿದ್ದು ಸರಿ. ಮೀನಿನ ಮೈಯ ಬಿಸಿ ನೀರಿನ ಬಿಸಿಯ ಜೊತೆಗೇ ಏರಿಳಿಯುತ್ತದೆ. ನೀರು ತಣ್ಣಗಾದಷ್ಟೂ ಅದಕ್ಕೆ ಹಸಿವು ಕಡಿಮೆ. ತಿಂದದ್ದು ಅರಗಲು ದಿನಗಟ್ಟಲೆ ಹಿಡಿಯುತ್ತದೆ. ಅದರ ಎದುರು ದೊಡ್ಡ ಎರೆಹುಳು ಕುಣಿಸುವುದೆಂದರೆ ಕಂಬಳಿ ಹೊದ್ದು ಮಲಗಿದವನ ಎದುರು ತಟ್ಟೆ ಹಿಡಿದ ಹಾಗೆ. ಚಿಕ್ಕ ಚೂರು ಸಿಕ್ಕಿಸಬೇಕು, ಮೂಗಿನ ಹತ್ತಿರವೇ ಇಳಿಬಿಡಬೇಕು. ದಿನದಲ್ಲಿ ನೀರು ತುಸು ಏರುವ ಹೊತ್ತಿಗೆ ಕೆಲವು ಬಾಯಿ ತೆರೆಯುತ್ತವೆ. ಎಲ್ಲ ಮೀನೂ ಹೀಗೆ ಅಂತಲ್ಲ. ಬರ್ಬಟ್ ಅಂತ ಒಂದಿದೆ, ನಡುಚಳಿಯಲ್ಲಿ ಮಂಜುಗಡ್ಡೆಯ ಕೆಳಗೇ ಅದರ ಸಂಸಾರವೆಲ್ಲ, ಮೊಟ್ಟೆ ಇಡುವುದೂ ಆಗಲೇ. ಕೆಲವರ ಹುಟ್ಟುಗುಣ.

ಮೀನು ಕಚ್ಚಿತು. ಭಾವನ ಗಾಳಕ್ಕೇ. ಬೆಂಡು ಮುಳುಗಲೂ ಇಲ್ಲ. ನಿಂತಲ್ಲೇ ಒಂದು ಕಡೆಗೆ ವಾಲಿತು, ಅಷ್ಟೇ. ಚಳಿಯಲ್ಲಿ ಕಚ್ಚುವುದೆಂದರೆ ಅಷ್ಟೇ, ಬಾಯಿಗೆ ಹಾಕಿಕೊಂಡು ರುಚಿ ನೋಡಿ ಉಗಿಯುವಷ್ಟು ಹೊತ್ತು. "ಭಾವ, ಬೆಂಡು!" ಅಂದೆ. ಅವರು ಡೈರಿಯಲ್ಲಿ ಅಂಕಿ ಬರೆಯುತ್ತಿದ್ದರು. "ಒಂದ್ನಿಮಿಷ" ಅಂದರು. ದಶಮಾಂಶದ ಚುಕ್ಕಿ ಇಟ್ಟು ತಲೆ ಎತ್ತುವಷ್ಟರಲ್ಲಿ ಬೆಂಡು ನೆಟ್ಟಗಾಗಿತ್ತು. ಅದನ್ನೂ ಬರೆದರು: "2.40, ಕಚ್ಚಿತು. 3.8."

ಇನ್ನು ಬೆರಳುಗಳ ವಿಷಯ. ಕೈಗವಸು ಹಾಕಿದರೆ ಗಂಟು ಬೀಳುವುದಿಲ್ಲ, ತೆಗೆದರೆ ಬೆರಳು ಬಗ್ಗುವುದಿಲ್ಲ. ಒದ್ದೆ ಕೈ ಬೇರೆ. ಗಾಳಿಗಿಂತ ನೀರು ಮೈಯ ಬಿಸಿಯನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಆದರೂ ಒಂದು ವಿಚಿತ್ರ ನೋಡಿ. ತಣ್ಣೀರಲ್ಲಿ ಬೆರಳು ಸತ್ತೇಹೋಯಿತು ಅನ್ನುವ ಹೊತ್ತಿಗೆ, ಒಂದಷ್ಟು ನಿಮಿಷ ಕಳೆದ ಮೇಲೆ, ಮುಚ್ಚಿದ ರಕ್ತನಾಳ ತಾನಾಗಿ ತೆರೆದು ಬೆರಳು ಬಿಸಿಯಾಗುತ್ತದೆ. ಆಮೇಲೆ ಮತ್ತೆ ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. 1930ರಲ್ಲಿ ಥಾಮಸ್ ಲೂಯಿಸ್ ಎಂಬ ಬ್ರಿಟಿಷ್ ವೈದ್ಯ ಇದನ್ನು ಅಳೆದು ಬರೆದಿಟ್ಟ. ಗಾಳ ಕಟ್ಟುವುದಿದ್ದರೆ ಆ ಬಿಸಿಯ ಸರದಿಗೆ ಕಾಯಬೇಕು. ನನ್ನ ಬೆರಳು ಬಿಸಿಯಾಗುವ ಹೊತ್ತಿಗೆ ಸರಿಯಾಗಿ ಭಾವ ಥರ್ಮಾಮೀಟರ್ ಹಿಡ್ಕೋ ಅಂತ ಕೈಗೆ ಕೊಡುತ್ತಾರೆ.

ಆ ಒಳ್ಳೆಯ ಉತ್ತರ ಹೇಳುತ್ತೇನೆ ಅಂದಿದ್ದೆ. ಹೇಳಬಹುದಿತ್ತು. ಆದರೆ ನಿನ್ನೆ ಭಾವ ಫೋನ್ ಮಾಡಿದರು. ತಣ್ಣೀರಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದಂತೆ. ಸೊನ್ನೆ ಡಿಗ್ರಿಯಲ್ಲಿ ಲೀಟರಿಗೆ ಸುಮಾರು 14.6 ಮಿಲಿಗ್ರಾಂ, 25 ಡಿಗ್ರಿಯಲ್ಲಿ 8.3 ಮಾತ್ರ. ಅದೂ ಸರಿಯೇ. ಅಳೆಯುವ ಯಂತ್ರ ತರಿಸಿದ್ದಾರೆ. ಅದನ್ನು ತಳಕ್ಕೆ ಇಳಿಬಿಡಲು ಗಟ್ಟಿ ದಾರ ಬೇಕಂತೆ, ನನ್ನ ಹೊಸ ತಂಗೂಸಿ ಸುರುಳಿ ಕೇಳಿದರು. ಕೊಡೋದಿಲ್ಲ ಅಂದೆ. ಹತ್ತು ನಿಮಿಷಕ್ಕೆ ಅಕ್ಕ ಫೋನ್ ಮಾಡಿದಳು. ತೆಗೆಯಲಿಲ್ಲ.